ಮಚ್ಚೆಯ ಸುತ್ತ ಬರುವ ಇಸುಬು: ಸುಣ್ಣ ಹಚ್ಚುವ ಮೊದಲು ತಿಳಿಯಬೇಕಾದದ್ದು



ಈ ಪತ್ರಿಕೆಯ ಪುಟಗಳಲ್ಲಿ ಕಾಂಡಕೊರಕ, ಎಲೆಚುಕ್ಕೆ, ಕೊಳೆರೋಗಗಳ ವಿಚಾರ ಓದಿ ರೂಢಿಯಾಗಿರುವ ತಮಗೆ ಮೇಲಿನ ತಲೆಬರಹ ಕೊಂಚ ವಿಚಿತ್ರವಾಗಿ ಕಾಣಬಹುದು. ಗಿಡದ ಮೈ ನೋಡುವುದರಲ್ಲಿ ನಾವೆಲ್ಲರೂ ಪಳಗಿದವರೇ. ಕಾಂಡದ ಮೇಲೆ ಒಂದು ಏಣು ಎದ್ದರೆ ಸಾಕು, ಒಳಗೆ ಹುಳ ಸೇರಿದೆಯೆಂದು ಕೈಯಾಡಿಸಿಯೇ ಹೇಳುತ್ತೇವೆ. ಆದರೆ ನಮ್ಮ ಸ್ವಂತ ಮೈಯ ಮೇಲೆ ಏನಾದರೂ ಎದ್ದರೆ ಒಂದೋ ವರ್ಷಗಟ್ಟಲೆ ಲಕ್ಷ್ಯ ಕೊಡುವುದಿಲ್ಲ, ಇಲ್ಲವೇ ಅವಸರದಲ್ಲಿ ಏನನ್ನಾದರೂ ಹಚ್ಚಿ ಕೆಡಿಸಿಕೊಳ್ಳುತ್ತೇವೆ. ಇಂತಹ ಒಂದು ಪ್ರಸಂಗ ಕಳೆದ ವರ್ಷ ನಮ್ಮ ಕಣ್ಣೆದುರಿಗೇ ನಡೆದ ಕಾರಣ ಈ ಲೇಖನವನ್ನು ಬರೆಯಬೇಕಾಯಿತು.

ಉಗ್ರಾಣದ ಮುಂದೆ ನಡೆದದ್ದು

ಮೇ ತಿಂಗಳ ಕೊನೆಯ ವಾರ. ಮುಂಗಾರಿಗೆ ಮುಂಚಿನ ಬೋರ್ಡೋ ಸಿಂಪಡಣೆಗೆಂದು ಮೈಲುತುತ್ತ ಕೊಳ್ಳಲು ಸದಸ್ಯರು ಸಂಘದ ಉಗ್ರಾಣದ ಮುಂದೆ ಸಾಲುಗಟ್ಟಿದ್ದರು. ಅರಕಲಗೂಡು ಕಡೆಯ, ತೀರಿಹೋದ ಸದಸ್ಯರೊಬ್ಬರ ಮಗ, 26 ವರ್ಷದ ತರುಣ, ಸಾಲಿನಲ್ಲಿ ನಿಂತುಕೊಂಡೇ ಗೋಡೆಯ ಮೂಲೆಗೆ ಬೆನ್ನು ಉಜ್ಜುತ್ತಿದ್ದ.

"ಏನಪ್ಪಾ, ಕಂಬಳಿಹುಳ ಏನಾದ್ರೂ ಮುಟ್ತಾ?" ಎಂದು ಕೇಳಿದೆವು.

"ಇಲ್ಲ ಸಾರ್. ಎರಡು ತಿಂಗಳಾಯ್ತು, ಬೆನ್ನ ಮೇಲಿನ ಮಚ್ಚೆಗಳೇ ನವೆ ಬರ್ತಾವೆ" ಎಂದ.

ಕಚೇರಿಯೊಳಗೆ ಕರೆದು ಅಂಗಿ ಬಿಚ್ಚಿಸಿ ನೋಡಿದೆವು. ಬೆನ್ನಿನಲ್ಲಿ ನಾಲ್ಕು ಮಚ್ಚೆಗಳು. ಹುಟ್ಟಿನಿಂದ ಇದ್ದವಲ್ಲ, ಹರೆಯದಲ್ಲಿ ಎದ್ದವು, ಇಷ್ಟು ವರ್ಷ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲವಂತೆ. ಮೂರರ ಸುತ್ತ ಒಂದು ರೂಪಾಯಿ ನಾಣ್ಯದಗಲ ಚರ್ಮ ಕೆಂಪಾಗಿ, ಹೊಟ್ಟು ಎದ್ದು, ಅಲ್ಲಲ್ಲಿ ನೀರು ಒಸರಿ ಒಣಗಿತ್ತು. ನಾಲ್ಕನೆಯ ಜಾಗದಲ್ಲಿ ಮಚ್ಚೆಯೇ ಕಾಣಲಿಲ್ಲ, ಕಪ್ಪು ಹಕ್ಕಳೆ ಕಟ್ಟಿದ ಹುಣ್ಣು ಮಾತ್ರ ಇತ್ತು. ಹುಳುಕಡ್ಡಿ ಇರಬೇಕೆಂದು ಅಂಗಡಿಯಿಂದ ತಂದ ಮುಲಾಮನ್ನು ಒಂದು ತಿಂಗಳು ಹಚ್ಚಿದ್ದನಂತೆ. ಹಚ್ಚಿದಾಗ ಇಳಿಯುವುದು, ಬಿಟ್ಟಾಗ ಏರುವುದು. ಕೊನೆಗೆ ಊರಿನ ಹಿರಿಯರೊಬ್ಬರು "ಮಚ್ಚೆಯೇ ಮೂಲ, ಅದನ್ನು ಸುಟ್ಟರೆ ನವೆ ತಾನಾಗಿ ಹೋಗುತ್ತೆ" ಎಂದು ಸುಣ್ಣಕ್ಕೆ ಬಟ್ಟೆ ಸೋಡ ಕಲಸಿ ಒಂದಕ್ಕೆ ಹಚ್ಚಿದ್ದರು.

ಅಂಗಿ ಹಾಕಿಕೊಳ್ಳುತ್ತಾ ಆತ ಮೆಲ್ಲಗೆ ಹೇಳಿದ: "ನಮ್ಮಪ್ಪಂಗೂ ಹಿಂಗೇ ಒಂದು ಗಂಟಿಂದಲೇ ಶುರುವಾಗಿದ್ದಲ್ವಾ ಸಾರ್? ಅವ್ವಂಗೆ ನವೆ ಅಂತ ಮಾತ್ರ ಹೇಳಿದೀನಿ. ಕಿದ್ವಾಯಿಗೆ ಹೋಗ್ಬೇಕು ಅಂದ್ರೆ ಈ ವರ್ಷ ತೋಟ ನೋಡೋರು ಯಾರು?"

ಆ ಹುಡುಗ ಎರಡು ತಿಂಗಳಿನಿಂದ ಈ ಭಯವನ್ನು ಒಬ್ಬನೇ ಹೊತ್ತು ತಿರುಗುತ್ತಿದ್ದ. ಆ ಸೋಮವಾರ ಸಂಘದ ಕೆಲಸದ ಮೇಲೆ ನಾವು ಹಾಸನಕ್ಕೆ ಹೋಗುವುದಿತ್ತು. ಆತನನ್ನೂ ಜೊತೆಗೆ ಕರೆದುಕೊಂಡು ಹೋದೆವು.

ವೈದ್ಯರು ಹೇಳಿದ ವಿವರ

ಚರ್ಮವೈದ್ಯರು ಮೊದಲು ಮಚ್ಚೆಗಳನ್ನು ದೀಪವಿರುವ ಭೂತಗನ್ನಡಿಯಂತಹ ಉಪಕರಣದಲ್ಲಿ ಒಂದೊಂದಾಗಿ ನೋಡಿದರು. ಕೆಂಪು ಜಾಗದಿಂದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, ಶಿಲೀಂಧ್ರವಿಲ್ಲ, ಆದ್ದರಿಂದ ಇದು ಹುಳುಕಡ್ಡಿಯಲ್ಲ ಎಂದರು. ಆಮೇಲೆ ಅವರು ಹೇಳಿದ್ದನ್ನು ನಾವು ಮತ್ತೆ ಓದಿ ತಿಳಿದುಕೊಂಡದ್ದರ ಜೊತೆಗೆ ಸೇರಿಸಿ ಇಲ್ಲಿ ಕೊಡುತ್ತಿದ್ದೇವೆ.

ನಿರಪಾಯಕರವಾದ ಮಚ್ಚೆಯೊಂದರ ಸುತ್ತ ಮಾತ್ರ ಇಸುಬಿನಂತಹ ಉರಿಯೂತ ಬರುವುದುಂಟು. ಅಮೆರಿಕದ ಚರ್ಮವೈದ್ಯ ಮೇಯರ್‌ಸನ್ ಎಂಬುವರು 1971ರಲ್ಲಿ ಇದನ್ನು ಮೊದಲು ವಿವರವಾಗಿ ವರದಿ ಮಾಡಿದರು. ಆದ್ದರಿಂದ ವೈದ್ಯರು ಇದಕ್ಕೆ ಇಂದಿಗೂ ಅವರ ಹೆಸರನ್ನೇ ಇಟ್ಟು ಕರೆಯುತ್ತಾರೆ. ಯಾವ ವಯಸ್ಸಿನವರಿಗೂ ಬರಬಹುದಾದರೂ ಹರೆಯದ ಗಂಡಸರಲ್ಲಿ ಹೆಚ್ಚು ಕಂಡುಬಂದಿದೆ. ಬೆನ್ನು, ಎದೆ, ಹೊಟ್ಟೆ, ತೋಳು ಇದರ ಸಾಮಾನ್ಯ ಸ್ಥಳಗಳು. ಒಂದೇ ಮಚ್ಚೆಗೆ ಬರಬಹುದು, ಹಲವಕ್ಕೆ ಒಟ್ಟಿಗೇ ಬರಬಹುದು. ಪಕ್ಕದಲ್ಲೇ ಇರುವ ಮತ್ತೊಂದು ಮಚ್ಚೆಗೆ ಏನೂ ಆಗದಿರಲೂಬಹುದು.

ಮುಂದಿನ ವರ್ಷಗಳಲ್ಲಿ ಇದೇ ಬಗೆಯ ಉರಿಯೂತವನ್ನು ಬೇರೆ ಬೆಳವಣಿಗೆಗಳ ಸುತ್ತಲೂ ವೈದ್ಯರು ಕಂಡರು. ವಯಸ್ಸಾದವರ ಬೆನ್ನು, ಮುಖಗಳ ಮೇಲೆ ಮೇಣ ಮೆತ್ತಿದಂತೆ ಏಳುವ ಕಂದು ಕಪ್ಪು ಮಚ್ಚೆಗಳ ಸುತ್ತ ಬರುತ್ತದೆ. ಮುಳ್ಳು ಚುಚ್ಚಿದ ಅಥವಾ ಹುಳ ಕಚ್ಚಿದ ಜಾಗದಲ್ಲಿ, ಹೆಚ್ಚಾಗಿ ಕಾಲಿನ ಮೇಲೆ, ಉಳಿದುಬಿಡುವ ಗಟ್ಟಿ ಗಂಟಿನ ಸುತ್ತ ಬರುತ್ತದೆ. ಮಕ್ಕಳ ಮೈಮೇಲೆ ವೈರಾಣುವಿನಿಂದ ಏಳುವ, ನಡುವೆ ಕುಳಿಯಿರುವ ಮುತ್ತಿನಂತಹ ಗುಳ್ಳೆಗಳ ಸುತ್ತಲೂ ಬರುತ್ತದೆ.

ಒಳಗೆ ಏನಾಗುತ್ತದೆ?

ನಮ್ಮ ಭಾಷೆಯಲ್ಲೇ ಹೇಳುವುದಾದರೆ, ಅಡಿಕೆಯ ಎಲೆಚುಕ್ಕೆಯನ್ನು ನೆನಪಿಸಿಕೊಳ್ಳಿ. ನಡುವೆ ಕಂದು ಚುಕ್ಕೆ, ಸುತ್ತ ಹಳದಿ ಬಳೆ. ಬಳೆಯ ಜಾಗ ಚುಕ್ಕೆಯಷ್ಟು ಸತ್ತಿರುವುದಿಲ್ಲ. ಚುಕ್ಕೆಗೆ ಸುತ್ತಲಿನ ಎಲೆ ತೋರಿಸುವ ಪ್ರತಿಕ್ರಿಯೆ ಆ ಬಳೆಯಲ್ಲಿ ಕಾಣುತ್ತದೆ. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ಎಲೆಚುಕ್ಕೆಯ ನಡುವೆ ನಿಜವಾದ ರೋಗಾಣು ಇರುತ್ತದೆ, ಮಚ್ಚೆಯ ಒಳಗೆ ಯಾವ ರೋಗಾಣುವೂ ಇರುವುದಿಲ್ಲ.

ನಮ್ಮ ರಕ್ತದಲ್ಲಿ ರಕ್ಷಣೆಯ ಕೆಲಸ ಮಾಡುವ ಬಿಳಿಯ ಕಣಗಳಿವೆ. ಅವುಗಳಲ್ಲಿ ಲಿಂಫೋಸೈಟ್ ಎಂಬ ಒಂದು ಬಗೆಯವು ಮಚ್ಚೆಯ ಸುತ್ತ ಬಂದು ನೆರೆಯುತ್ತವೆ. ಚರ್ಮದ ಮೇಲ್ಪದರದ ಜೀವಕೋಶಗಳ ನಡುವೆ ನೀರು ತುಂಬಿ ಪದರ ಸಡಿಲವಾಗುತ್ತದೆ. ಅದರಿಂದಲೇ ಕೆಂಪು, ನವೆ, ಒಸರು, ಹೊಟ್ಟು. ಇಷ್ಟೆಲ್ಲ ಆದರೂ ಮಚ್ಚೆಯ ಸ್ವಂತ ಕಣಗಳಿಗೆ ಹಾನಿಯಾಗುವುದಿಲ್ಲ. ಉರಿಯೂತ ಇಳಿದ ಮೇಲೆ ಮಚ್ಚೆ ಮೊದಲಿದ್ದಂತೆಯೇ ಇರುತ್ತದೆ.

ಇದರ ಜೊತೆಗೆ ಗೊಂದಲ ಮಾಡಿಕೊಳ್ಳಬಾರದಾದ ಇನ್ನೊಂದು ಸಂಗತಿ ಇದೆ. ಕೆಲವರ ಮಚ್ಚೆಯ ಸುತ್ತ ಬಿಳಿಯ ಬಳೆ ಕಟ್ಟುತ್ತದೆ. ಇದನ್ನು 1916ರಲ್ಲಿ ಸಟನ್ ಎಂಬ ವೈದ್ಯರು ವಿವರಿಸಿದರು. ಇದರಲ್ಲಿ ನವೆಯೂ ಹೊಟ್ಟೂ ಸಾಮಾನ್ಯವಾಗಿ ಇರುವುದಿಲ್ಲ. ರಕ್ಷಕ ಕಣಗಳು ಮಚ್ಚೆಯ ಕಣಗಳನ್ನೇ ನಾಶಮಾಡುವುದರಿಂದ ಕ್ರಮೇಣ ಮಚ್ಚೆಯೇ ಮಾಯವಾಗಬಹುದು. ಹೆಚ್ಚಾಗಿ ಬಾಲಕ ಬಾಲಕಿಯರಲ್ಲಿ, ಹರೆಯದವರಲ್ಲಿ ಬರುವ ಇದನ್ನು ಕಂಡ ಕೂಡಲೇ ತೊನ್ನು ಎಂದು ಹೆಸರಿಟ್ಟು, ಹೆಣ್ಣುಮಕ್ಕಳ ಸಂಬಂಧ ತಪ್ಪುವವರೆಗೆ ಮಾತು ಬೆಳೆಸುವುದು ನಮ್ಮ ಕಡೆ ಉಂಟು. ವೈದ್ಯರು ನೋಡಿ ಹೇಳುವ ತನಕ ಯಾರೂ ಬಾಯಿಗೆ ಬಂದ ಹೆಸರನ್ನು ಇಡಬಾರದೆಂದು ಕೋರುತ್ತೇವೆ. ಇಸುಬಾಗಲಿ ಬಿಳಿಯ ಬಳೆಯಾಗಲಿ, ಎರಡೂ ಅಂಟುರೋಗಗಳಲ್ಲ.

ತೋಟದವರಿಗೆ ಬರುವ ಇತರ ತುರಿಕೆಗಳು

ತೋಟದಲ್ಲಿ ದುಡಿಯುವವರಿಗೆ ತುರಿಕೆಯ ಕಾರಣಗಳಿಗೆ ಬರವಿಲ್ಲ. ಆದ್ದರಿಂದ ಇದನ್ನು ಬೇರೆಯವುಗಳಿಂದ ಬೇರ್ಪಡಿಸಿ ನೋಡಬೇಕು.

ಮೊದಲನೆಯದು ಸೋಂಕಿನಿಂದ ಬರುವ ಇಸುಬು. ಬೋರ್ಡೋ ದ್ರಾವಣದ ಸುಣ್ಣ, ಕಾಡುಗೇರಿನ ಸೊನೆ, ಸಿಲ್ವರ್ ಓಕ್ ಮರದ ಎಲೆ ಮತ್ತು ಹುಡಿ, ಬಯಲುಸೀಮೆಯ ಹೊಲದ ಬದುಗಳಲ್ಲಿರುವ ಪಾರ್ಥೇನಿಯಂ, ಇವೆಲ್ಲವೂ ಚರ್ಮವನ್ನು ಕೆರಳಿಸಬಲ್ಲವು. ಇವುಗಳಿಂದ ಬರುವ ತುರಿಕೆ ಮುಖ, ಕುತ್ತಿಗೆ, ಮುಂಗೈ, ಕಾಲು ಹೀಗೆ ಬಟ್ಟೆಯ ಮರೆಯಿಲ್ಲದ ಕಡೆ ಅಥವಾ ವಸ್ತು ತಗುಲಿದ ಕಡೆ ಹರಡಿಕೊಂಡು ಬರುತ್ತದೆ. ಅಲ್ಲಿ ಮಚ್ಚೆ ಇದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ. ನಾವು ಹೇಳುತ್ತಿರುವ ಇಸುಬಾದರೋ ಮಚ್ಚೆಯನ್ನು ನಡುವಿಟ್ಟುಕೊಂಡೇ ಕೂರುತ್ತದೆ.

ಎರಡನೆಯದು ಹುಳುಕಡ್ಡಿ. ಇದು ಬಳೆಯಾಕಾರದಲ್ಲಿ ದಿನೇ ದಿನೇ ಹಿಗ್ಗುತ್ತದೆ. ಅಂಚು ಕೆಂಪಾಗಿ ಎದ್ದಿದ್ದು ನಡುಭಾಗ ತಿಳಿಯಾಗುತ್ತಾ ಬರುತ್ತದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲಿ ನಿಲ್ಲುವವರಿಗೆ ತೊಡೆಸಂದು, ಸೊಂಟಗಳಲ್ಲಿ ಹೆಚ್ಚು. ಮನೆಯ ಒಬ್ಬರಿಂದ ಇನ್ನೊಬ್ಬರಿಗೆ ಹತ್ತುತ್ತದೆ.

ಮೂರನೆಯದು ಉಣುಗು. ನಿನ್ನೆ ಇಲ್ಲದ ಕಪ್ಪು ಮಚ್ಚೆ ಇಂದು ಕೆಂಪು ಬಳೆಯೊಡನೆ ಕಂಡರೆ ಬೆಳಕಿಗೆ ಹಿಡಿದು ನೋಡಿ, ಅದಕ್ಕೆ ಕಾಲುಗಳಿರಬಹುದು. ಉಣುಗನ್ನು ಚಿಮಟಿಗೆಯಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಬೆಂಕಿ, ಸೀಮೆಎಣ್ಣೆ ಬೇಡ. ಆಮೇಲೆ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವುದೆಂಬುದು ಮಲೆನಾಡಿನವರಾದ ತಮಗೆ ಗೊತ್ತೇ ಇದೆ.

ಸುಣ್ಣ ಸೋಡದ ಅಪಾಯ

ಬೋರ್ಡೋ ದ್ರಾವಣಕ್ಕೆ ಸುಣ್ಣ ಅರಳಿಸುವಾಗ ಕೈಗೆ ಸಿಡಿದರೆ ಏನಾಗುತ್ತದೆಂದು ನಮಗೆಲ್ಲ ಅನುಭವವಿದೆ. ಸುಣ್ಣಕ್ಕೆ ಬಟ್ಟೆ ಸೋಡ ಸೇರಿದರೆ ಅದಕ್ಕಿಂತ ಉಗ್ರವಾದ ಕಾಸ್ಟಿಕ್ ಸೋಡ ಹುಟ್ಟುತ್ತದೆ. ಅದು ಚರ್ಮವನ್ನು ಕರಗಿಸುತ್ತಾ ಆಳಕ್ಕೆ ಇಳಿಯುತ್ತದೆ. ಗೇರೆಣ್ಣೆ ಹಚ್ಚುವುದು, ಕುದುರೆ ಕೂದಲು ಕಟ್ಟುವುದು, ಬ್ಲೇಡಿನಿಂದ ಕೆರೆಯುವುದು, ಎಲ್ಲವೂ ಇದೇ ಸಾಲಿನವು.

ಹುಣ್ಣಾಗುವುದು, ಕೀವು ತುಂಬುವುದು, ಕಲೆ ಉಳಿಯುವುದು ಒಂದು ಕಡೆ ಇರಲಿ. ಇದಕ್ಕಿಂತ ದೊಡ್ಡ ನಷ್ಟವನ್ನು ಆ ಹುಡುಗನ ವಿಷಯದಲ್ಲಿ ನಾವು ಕಂಡೆವು. ವೈದ್ಯರು ಮೂರು ಮಚ್ಚೆಗಳನ್ನು ನೋಡಿ, "ಇವು ಸಾಧುವಾದವು, ಮುಲಾಮು ಕೊಡುತ್ತೇನೆ, ಎರಡು ವಾರ ಬಿಟ್ಟು ಬನ್ನಿ" ಎಂದು ಧೈರ್ಯವಾಗಿ ಹೇಳಿದರು. ಸುಟ್ಟ ನಾಲ್ಕನೆಯದರ ಬಗ್ಗೆ ಹಾಗೆ ಹೇಳಲು ಅವರಿಗೆ ಆಗಲಿಲ್ಲ. ಅದರ ಬಣ್ಣವಿಲ್ಲ, ಅಂಚಿಲ್ಲ, ಆಕಾರವಿಲ್ಲ. ನೋಡಿ ಹೇಳಲು ಬೇಕಾದ ಗುರುತುಗಳನ್ನೆಲ್ಲ ಸುಣ್ಣ ತಿಂದುಹಾಕಿತ್ತು. ಆ ಭಾಗವನ್ನು ಮರಗಟ್ಟಿಸಿ ಕತ್ತರಿಸಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕಾಯಿತು. ಮೂರು ಮಚ್ಚೆಗಳ ಚಿಂತೆ ಅಂದೇ ಕಳೆಯಿತು. ನಾಲ್ಕನೆಯದಕ್ಕಾಗಿ ಆತ ಇನ್ನೂ ಹತ್ತು ದಿನ ನಿದ್ದೆಗೆಟ್ಟ. ವರದಿ ಒಳ್ಳೆಯದಾಗಿಯೇ ಬಂತು, ಕ್ಯಾನ್ಸರಿನ ಸುಳಿವಿರಲಿಲ್ಲ. ಒಂದು ವೇಳೆ ಅದು ನಿಜವಾಗಿಯೂ ಕೆಟ್ಟ ಮಚ್ಚೆಯಾಗಿದ್ದರೆ, ಮೇಲ್ಭಾಗ ಮಾತ್ರ ಸುಟ್ಟುಹೋಗಿ ಬೇರು ಒಳಗೇ ಉಳಿದು, ವಾಸಿಯಾಯಿತೆಂದು ಸುಮ್ಮನಿದ್ದುಬಿಡುವ ಅಪಾಯವಿತ್ತು.

ಅಂಗಡಿಯ ಮುಲಾಮಿನ ವಿಷಯ

ಈ ಇಸುಬಿಗೆ ವೈದ್ಯರು ಸಾಮಾನ್ಯವಾಗಿ ಸ್ಟೀರಾಯ್ಡ್ ಮುಲಾಮನ್ನೇ ಕೊಡುತ್ತಾರೆ. ಹಾಗಾದರೆ ಅಂಗಡಿಯಿಂದ ನಾವೇ ತಂದು ಹಚ್ಚಿದರೆ ತಪ್ಪೇನೆಂದು ತಾವು ಕೇಳಬಹುದು. ತಪ್ಪು ಮೂರು ಬಗೆಯದು. ಅದು ಹುಳುಕಡ್ಡಿಯಾಗಿದ್ದರೆ ಸ್ಟೀರಾಯ್ಡ್ ಹಚ್ಚಿದಾಗ ನವೆ ಇಳಿದಂತೆ ತೋರಿ, ಶಿಲೀಂಧ್ರ ಒಳಗೊಳಗೇ ಹಬ್ಬಿ, ರೂಪ ಬದಲಿಸಿಕೊಂಡು ಮೈತುಂಬ ಹರಡುತ್ತದೆ. ಎರಡನೆಯದಾಗಿ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಮೂರನೆಯದಾಗಿ, ಮಚ್ಚೆಯನ್ನು ಯಾರೂ ನೋಡದೆಯೇ ಉಳಿದುಬಿಡುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂತಹ ಮುಲಾಮುಗಳನ್ನು ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬೇಕಾದ ಔಷಧಗಳ ಪಟ್ಟಿಗೆ ಸೇರಿಸಿದ್ದು ಇಂತಹ ದುರುಪಯೋಗವನ್ನು ತಡೆಯುವುದಕ್ಕೇ.

ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟು ಪ್ರಮಾಣದಲ್ಲಿ ಹಚ್ಚಿದರೆ ಕೆಲವು ವಾರಗಳಲ್ಲಿ ಇಸುಬು ಇಳಿಯುತ್ತದೆ. ಔಷಧವಿಲ್ಲದೆಯೂ ಕೆಲವು ತಿಂಗಳಲ್ಲಿ ತಾನಾಗಿ ಹೋಗುವುದುಂಟು. ಮಚ್ಚೆಯನ್ನು ತೆಗೆಸಲೇಬೇಕೆಂಬ ನಿಯಮವಿಲ್ಲ. ಪದೇ ಪದೇ ಮರುಕಳಿಸಿ ಕಾಡಿದರೆ, ಅಥವಾ ಅನುಮಾನ ಉಳಿದರೆ, ವೈದ್ಯರೇ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಯಾವಾಗ ತಡಮಾಡಬಾರದು?

ಇಲ್ಲಿಯವರೆಗೆ ಓದಿ, "ಮಚ್ಚೆಯ ಸುತ್ತ ನವೆ ಬಂದರೆ ಭಯವಿಲ್ಲ" ಎಂದು ಯಾರಾದರೂ ಪತ್ರಿಕೆ ಮಡಚಿಟ್ಟರೆ ನಮ್ಮ ಉದ್ದೇಶ ಕೆಟ್ಟಂತೆ. ಅಪರೂಪಕ್ಕೆ ಕ್ಯಾನ್ಸರಿನ ಬೆಳವಣಿಗೆಯ ಸುತ್ತಲೂ ಇಂತಹದೇ ಇಸುಬು ಕಂಡುಬಂದಿದೆ. ಆದ್ದರಿಂದಲೇ ವೈದ್ಯರು ಇಸುಬು ಇಳಿದ ಮೇಲೆ ಮಚ್ಚೆಯನ್ನು ಮತ್ತೊಮ್ಮೆ ನೋಡಬೇಕೆನ್ನುತ್ತಾರೆ. ನವೆ ಹೋಯಿತೆಂದು ಈ ಎರಡನೆಯ ಭೇಟಿಯನ್ನು ತಪ್ಪಿಸುವುದು ನಮ್ಮವರ ಸಾಮಾನ್ಯ ದೋಷ.

ಮಚ್ಚೆಯನ್ನು ಪರೀಕ್ಷಿಸಲು ನ್ಯೂಯಾರ್ಕಿನ ವೈದ್ಯರು 1985ರಲ್ಲಿ ನಾಲ್ಕು ಗುರುತುಗಳ ಒಂದು ಸುಲಭ ಸೂತ್ರ ಕೊಟ್ಟರು, 2004ರಲ್ಲಿ ಐದನೆಯದು ಸೇರಿತು. ನಮ್ಮ ಮಾತಿನಲ್ಲಿ ಅವು ಹೀಗಿವೆ:

1. ಮಚ್ಚೆಯ ಒಂದು ಅರ್ಧ ಇನ್ನೊಂದು ಅರ್ಧದಂತೆ ಇಲ್ಲದಿರುವುದು.
2. ಅಂಚು ನುಣುಪಾಗಿರದೆ ಹರಿದಂತೆ, ಮಸುಕಾಗಿ ಇರುವುದು.
3. ಒಂದೇ ಮಚ್ಚೆಯಲ್ಲಿ ಕಪ್ಪು, ಕಂದು, ಕೆಂಪು, ನೀಲಿ ಹೀಗೆ ಹಲವು ಬಣ್ಣಗಳಿರುವುದು.
4. ಅಡ್ಡಳತೆ 6 ಮಿಲಿಮೀಟರಿಗಿಂತ ಹೆಚ್ಚಿರುವುದು, ಅಂದರೆ ಸುಮಾರಾಗಿ ಒಂದು ಕಾಫಿ ಬೀಜದ ಅಗಲಕ್ಕಿಂತ ದೊಡ್ಡದಾಗಿರುವುದು.
5. ವಾರಗಳಲ್ಲಿ, ತಿಂಗಳುಗಳಲ್ಲಿ ಗಾತ್ರ, ಬಣ್ಣ, ಆಕಾರ ಬದಲಾಗುತ್ತಾ ಹೋಗುವುದು.

ಇವುಗಳಲ್ಲಿ ಯಾವುದೊಂದು ಕಂಡರೂ, ಮುಟ್ಟಿದರೆ ರಕ್ತ ಬಂದರೂ, ಹುಣ್ಣಾಗಿ ಮಾಯದಿದ್ದರೂ ಕೊಯ್ಲು ಮುಗಿಯಲಿ ಎಂದು ಕಾಯಬಾರದು. ಮಚ್ಚೆಯಿಂದ ಹುಟ್ಟುವ ಕ್ಯಾನ್ಸರ್ ನಮ್ಮ ಜನರಲ್ಲಿ ಬಿಳಿಯರಿಗಿಂತ ಬಹಳ ಕಡಿಮೆ. ಆದರೆ ಬಂದಾಗ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವುದು ನಮ್ಮಲ್ಲಿ ಹೆಚ್ಚು. ಬರಿಗಾಲಿನಲ್ಲಿ ತೋಟ ಸುತ್ತುವ ನಾವು ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳು ಮುರಿದದ್ದೆಂದೂ, ಉಗುರಿನ ಕಪ್ಪನ್ನು ಕಲ್ಲು ಬಿದ್ದದ್ದೆಂದೂ ತಿಳಿದು ಬಿಟ್ಟುಬಿಡುತ್ತೇವೆ. ಪೆಟ್ಟಿನ ಕಪ್ಪಾದರೆ ಉಗುರು ಬೆಳೆದಂತೆಲ್ಲ ಮುಂದಕ್ಕೆ ಸರಿಯುತ್ತದೆ. ಸರಿಯದೆ ಅಲ್ಲೇ ನಿಂತು ಅಗಲವಾಗುತ್ತಿದ್ದರೆ ತೋರಿಸಬೇಕು.

ಸದಸ್ಯರು ಮಾಡಬೇಕಾದದ್ದು

ಮಚ್ಚೆಯ ಸುತ್ತ ನವೆ ಶುರುವಾದರೆ ಕೆರೆಯಬೇಡಿ, ಏನನ್ನೂ ಹಚ್ಚಬೇಡಿ. ಮೊದಲ ದಿನವೇ ಮಚ್ಚೆಯ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ಬೆಳಕಿನಲ್ಲಿ ಮೊಬೈಲಿನಿಂದ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದೆ ಬದಲಾವಣೆ ಆಗಿದೆಯೇ ಎಂದು ತಿಳಿಯಲು ವೈದ್ಯರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಸಿಂಪಡಣೆ ಮಾಡಿದವರು ಮೈತೊಳೆದು ಬಟ್ಟೆ ಬದಲಿಸಿ. ಅನಂತರ ಒಂದೆರಡು ವಾರದೊಳಗೆ ವೈದ್ಯರಿಗೆ ತೋರಿಸಿ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬಹುದು. ಹಾಸನದಲ್ಲಿ 2006ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯೂ ಇದೆ. ಹೋಗುವಾಗ ಅದುವರೆಗೆ ಹಚ್ಚಿದ ಮುಲಾಮಿನ ಟ್ಯೂಬನ್ನು ಜೊತೆಗೆ ಒಯ್ಯಿರಿ. ಸುಣ್ಣ ಹಚ್ಚಿದ್ದರೆ ನಾಚಿಕೆಪಡದೆ ಹೇಳಿ.

ಬೆನ್ನು ನಮ್ಮ ಕಣ್ಣಿಗೆ ಕಾಣದ ಜಾಗ. ವರ್ಷಕ್ಕೆ ಒಂದೆರಡು ಬಾರಿಯಾದರೂ ಮನೆಯವರಿಂದ ನೋಡಿಸಿಕೊಳ್ಳುವುದು ಒಳ್ಳೆಯದು. ಲೈನಿನಲ್ಲಿರುವ ಕೆಲಸಗಾರರು, ಅದರಲ್ಲೂ ಹೆಣ್ಣಾಳುಗಳು, ಕೂಲಿ ತಪ್ಪುತ್ತದೆಂದು ಇಂತಹದನ್ನು ಮುಚ್ಚಿಡುವುದುಂಟು. ಆಸ್ಪತ್ರೆಗೆ ಹೋದ ದಿನದ ಕೂಲಿ ಕೊಡುವುದರಿಂದ ಯಾವ ತೋಟವೂ ಮುಳುಗುವುದಿಲ್ಲ. ಈ ಲೇಖನವನ್ನು ಅವರಿಗೂ ಓದಿ ಹೇಳಬೇಕೆಂದು ವಿನಂತಿಸುತ್ತೇವೆ.

ಆ ತರುಣ ಈ ವರ್ಷವೂ ಮೈಲುತುತ್ತಕ್ಕೆ ಬಂದಿದ್ದ. ಮೂರು ಮಚ್ಚೆಗಳೂ ಇದ್ದಲ್ಲೇ ಇವೆ, ನವೆ ಮತ್ತೆ ಬಂದಿಲ್ಲ. ನಾಲ್ಕನೆಯದರ ಜಾಗದಲ್ಲಿ ಹೊಲಿಗೆಯ ಗುರುತಿದೆ. ತನ್ನ ಹೆಸರು ಹಾಕದೆ ಬರೆಯುವುದಾದರೆ ಬರೆಯಿರಿ ಸಾರ್ ಎಂದು ಆತ ಒಪ್ಪಿದ್ದರಿಂದಲೇ ಇಷ್ಟನ್ನು ತಮ್ಮ ಮುಂದಿಡಲು ಸಾಧ್ಯವಾಯಿತು. ಆತನಿಗೆ ಸಂಘದ ಪರವಾಗಿ ನಮ್ಮ ಕೃತಜ್ಞತೆಗಳು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ